ಸೋಮಾರಿ ಶಬ್ದ

ಬಡಗಿಗಳು ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಹಾಗೆ ಅವರು ಕೆಂಪು ಪೆನ್ನನ್ನು ಸಿಕ್ಕಿಸಿಕೊಳ್ಳುತ್ತಿದ್ದರು. ಹೊಸನಗರ ತಾಲ್ಲೂಕಿನ ನಮ್ಮ ಹೈಸ್ಕೂಲಿನಲ್ಲಿ ಅವರು ಇಂಗ್ಲಿಷ್ ಮೇಷ್ಟ್ರು, ನಾನು ಕನ್ನಡ ಟೀಚರ್. ಹದಿನೇಳು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತಿದ್ದೇವೆ. ಹೋದ ತಿಂಗಳು ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡರು.

ಅವರ ಹೆಸರು ಬರೆಯುವುದಿಲ್ಲ. ಇದನ್ನು ಓದಬೇಕಾದವಳು ಒಬ್ಬಳಿದ್ದಾಳೆ. ಕಿವಿಯ ಮೇಲಿನ ಕೆಂಪು ಪೆನ್ನು ಅಂದರೆ ಅವಳಿಗೆ ಯಾರೆಂದು ಗೊತ್ತಾಗುತ್ತದೆ. ಹನ್ನೆರಡು ವರ್ಷದ ಹಿಂದೆ ಒಂದು ಶನಿವಾರ ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಂಡು ಮನೆಯಿಂದ ಹೊರಟವಳು ಇವತ್ತಿನವರೆಗೂ ತಿರುಗಿ ಬಂದಿಲ್ಲ. ಅವಳಿಗೆ ಒಂದೇ ಒಂದು ಮಾತು ಹೇಳಬೇಕು ಅಂತ ಮೇಷ್ಟ್ರು ಆ ವಾರದಿಂದ ಕಾದರು. ಕಾಯುತ್ತಲೇ ಹೋದರು.

ತಿದ್ದುವುದು ಅವರಿಗೆ ಕೆಲಸವಾಗಿರಲಿಲ್ಲ, ಎಲೆಅಡಿಕೆಯ ಹಾಗೆ ಚಟವಾಗಿತ್ತು. ನಮ್ಮ ಹೆಡ್‌ಮಾಸ್ಟರು ಮಗಳ ಮದುವೆಯ ಇಂಗ್ಲಿಷ್ ಕಾರ್ಡು ಕೊಡಲು ಬಂದಾಗ, ಕೂತ ಜಾಗದಲ್ಲೇ ಪೆನ್ನು ಕಿವಿಯಿಂದ ಇಳಿಯಿತು.

"ಮೇಷ್ಟ್ರೆ, ಕಾರ್ಡು ಹಂಚಿ ಮುಗೀತು. ಇನ್ನು ತಿದ್ದಿ ಏನು ಉಪಯೋಗ?" ಅಂದರು ಹೆಡ್‌ಮಾಸ್ಟರು.

"ಮದುವೆ ಇನ್ನೂ ಆಗಿಲ್ವಲ್ಲ ಸಾರ್, ಟೈಮಿದೆ" ಅಂದರು ಇವರು, ತಲೆ ಎತ್ತದೆ.

ಡ್ರಿಲ್ ಮೇಷ್ಟ್ರು ಜ್ವರ ಬಂದು ರಜೆ ಅರ್ಜಿ ಕಳಿಸಿದರೆ ಅದಕ್ಕೂ ಕೆಂಪು ಶಾಯಿ. ವಾಸಿಯಾಗಿ ಬಂದ ಡ್ರಿಲ್ ಮೇಷ್ಟ್ರು ಅರ್ಜಿಯನ್ನು ನೋಡಿ, "ಜ್ವರ ಬಂದವ್ನಿಗೆ ಊರೋರೆಲ್ಲ ಮಾತ್ರೆ ಕೊಡ್ತಾರೆ. ಈ ಪುಣ್ಯಾತ್ಮ ಹತ್ತಕ್ಕೆ ನಾಲ್ಕು ಕೊಟ್ಟಿದಾನೆ ನೋಡಿ" ಅಂದಿದ್ದರು. ನಾವೆಲ್ಲ ನಕ್ಕೆವು. ಮೇಷ್ಟ್ರೂ ನಕ್ಕರು. ನಗುವಾಗ ಅವರ ಎರಡೂ ಕಿವಿ ಅಲುಗುತ್ತಿದ್ದವು, ಪೆನ್ನು ಬೀಳುತ್ತಿತ್ತು.

ಸ್ಟಾಫ್ ರೂಮಿನ ಗೋಡೆಗೂ ಒಂಬತ್ತನೇ ಕ್ಲಾಸಿನ ಗೋಡೆಗೂ ಅವರು ಒಂದು ಡ್ರಾಯಿಂಗ್ ಹಾಳೆ ಅಂಟಿಸಿದ್ದರು. ಮೇಲೆ ಕನ್ನಡದಲ್ಲಿ ದಪ್ಪಗೆ 'ಸೋಮಾರಿ ಶಬ್ದಗಳು' ಅಂತ. ಅದರ ಕೆಳಗೆ ಪಟ್ಟಿ: ಗುಡ್, ನೈಸ್, ಬಿಗ್, ಹ್ಯಾಪಿ, ಸ್ಯಾಡ್. ಈ ಐದರಲ್ಲಿ ಯಾವುದನ್ನು ಬರೆದರೂ ಕೆಂಪು ಸುತ್ತು ಬಿತ್ತು ಅಂತಲೇ ಲೆಕ್ಕ. ಪಕ್ಕದಲ್ಲಿ ಬೇರೆ ಶಬ್ದ ಹುಡುಕು ಅಂತ ಬರೆಯುತ್ತಿದ್ದರು. ಉದ್ದನೆಯ ಶಬ್ದ ಬರೆದವರಿಗೆ ಒಂದು ಮಾರ್ಕು ಹೆಚ್ಚು. ವಿಷಾದ ಅನ್ನುವ ಅರ್ಥದ 'ಮೆಲಾಂಕಲಿ' ಎಂಬ ಶಬ್ದದ ಮೇಲೆ ಅವರಿಗೆ ವಿಶೇಷ ಪ್ರೀತಿ. ಅದನ್ನು ಬೋರ್ಡಿನ ಮೇಲೆ ಬರೆದು, ಎರಡು ಹೆಜ್ಜೆ ಹಿಂದೆ ಸರಿದು, ರಂಗೋಲಿ ಹಾಕಿದವರು ನೋಡಿದ ಹಾಗೆ ನೋಡುತ್ತಿದ್ದರು. ಒಂದು ವರ್ಷ ಒಬ್ಬ ಹುಡುಗ 'ನಮ್ಮ ಎಮ್ಮೆ ಸತ್ತು ಅಪ್ಪ ಮೆಲಾಂಕಲಿ ಆದರು' ಅಂತ ಇಂಗ್ಲಿಷಿನಲ್ಲಿ ಬರೆದ. ಮೇಷ್ಟ್ರು ಅದನ್ನು ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ಓದಿ ಹೇಳಿ ಬೆನ್ನು ತಟ್ಟಿದರು.

ನಾನು ಒಂದು ಸಲ ಕೇಳಿದ್ದೆ, "ಆ ಸಣ್ಣ ಶಬ್ದಗಳ ಮೇಲೆ ಅದೆಂಥ ಸಿಟ್ಟು ಮೇಷ್ಟ್ರೆ ನಿಮಗೆ?"

"ಸಿಟ್ಟಲ್ಲ ಟೀಚರ್. ಮೂರ್ನಾಲ್ಕಕ್ಷರದ ಶಬ್ದ ಹುಟ್ಟಿದ ಮಗೂಗೂ ಗೊತ್ತು. ಅದನ್ನ ಕಲಿಸೋಕೆ ನಾನ್ಯಾಕೆ ಬೇಕು? ಡಿಕ್ಷನರಿ ಇರೋದು ಉದ್ದದ ಶಬ್ದಕ್ಕೆ."

ಅವರ ಮನೆಯಲ್ಲೂ ಇದೇ ಕತೆ. ಒಂದು ಭಾನುವಾರ ಊಟಕ್ಕೆ ಕರೆದಿದ್ದರು. ಅವರ ಹೆಂಡತಿ ಸಾಗರದ ಕಡೆಯ ತೋಟದ ಮನೆಯವರು, ತವರಿನ ಮಾತನ್ನು ಬಿಟ್ಟವರಲ್ಲ. ಪಾಯಸ ಬಡಿಸಿದರು, ನಾನು ಚೆನ್ನಾಗಿದೆ ಅಂದೆ. ತಕ್ಷಣ ಮೇಷ್ಟ್ರು, "ಚೆನ್ನಾಗಿದೆ ಅಂದ್ರೆ ಏನೂ ಹೇಳಿದ ಹಾಗಾಗ್ಲಿಲ್ಲ ಟೀಚರ್. ಸೋಮಾರಿ ಶಬ್ದ" ಅಂದರು.

ಆಕೆ ಸೌಟು ಹಿಡಿದುಕೊಂಡೇ ತಿರುಗಿದರು. "ನೀವು ಸುಮ್ಮಂಗಿರಿ. ಅವ್ರು ಚೊಲೋ ಇದ್ದು ಹೇಳಿದ್ರೆ ಯಂಗೆ ಸಾಕು. ಪಾಯಸಕ್ಕೆ ಡಿಕ್ಷನರಿ ಎಂತಕ್ಕೆ?"

ಇಷ್ಟು ಓದಿ ಅವರನ್ನು ಒಣ ಮನುಷ್ಯ ಅಂದುಕೊಳ್ಳಬೇಡಿ. ಪರೀಕ್ಷೆಯ ತಿಂಗಳಲ್ಲಿ ಬೆಳಗಿನ ಐದಕ್ಕೆ ಎದ್ದು ಹತ್ತನೇ ಕ್ಲಾಸಿನ ಪ್ರತಿಯೊಂದು ಮಗುವಿನ ಮನೆಗೂ ಫೋನ್ ಮಾಡಿ ಎಬ್ಬಿಸುತ್ತಿದ್ದರು. ಫೋನ್ ಇಲ್ಲದ ಮನೆಯ ಪಕ್ಕದ ಮನೆಗೆ ಮಾಡಿ ಬೈಸಿಕೊಳ್ಳುತ್ತಿದ್ದರು. ಯಾವ ಮಗು ಯಾವ ಕಾಗುಣಿತದಲ್ಲಿ ಎಡವುತ್ತದೆ ಅಂತ ಅವರಿಗೆ ಬಾಯಿಪಾಠ. ಆ ಮಗು ಮನೆಗೆ ಹೋಗಿ ಏನು ಮಾಡುತ್ತದೆ ಅಂತ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಇದನ್ನು ಈಗ ಬರೆಯುವುದು ಸುಲಭ.

ಆ ಹುಡುಗಿ ಒಂಬತ್ತನೇ ಕ್ಲಾಸಿನಲ್ಲಿ ಕಿಟಕಿ ಪಕ್ಕ ಮೂರನೇ ಬೆಂಚಿನಲ್ಲಿ ಕೂರುತ್ತಿದ್ದಳು. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಅಪ್ಪ ಗದ್ದೆ ಕೆಲಸದವರು, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಹಾಸಿಗೆ ಹಿಡಿದ ಅಜ್ಜಿ, ಇಬ್ಬರು ತಮ್ಮಂದಿರು. ಅಡುಗೆ, ಅಜ್ಜಿಯ ಮೈ ಒರೆಸುವುದು, ಕೊಟ್ಟಿಗೆ, ತಮ್ಮಂದಿರ ಅಂಗಿಗೆ ಇಸ್ತ್ರಿ, ಎಲ್ಲ ಅವಳದೇ. ಚೊಂಬಿನಲ್ಲಿ ಕೆಂಡ ತುಂಬಿ ಅಂಗಿ ಉಜ್ಜುತ್ತಿದ್ದಳಂತೆ. ಆ ಇಬ್ಬರು ಹುಡುಗರ ಅಂಗಿ ಯಾವತ್ತೂ ಗರಿಗರಿಯಾಗಿರುತ್ತಿತ್ತು. ನಾನು ಅದನ್ನು ನೋಡಿ ಇವರ ಮನೆಯಲ್ಲಿ ಯಾರೋ ತಾಯಿ ಇದ್ದಾರೆ ಅಂದುಕೊಂಡಿದ್ದೆ.

ಆ ವಾರ ಮೇಷ್ಟ್ರು ಪತ್ರ ಬರೆಯಲು ಕೊಟ್ಟಿದ್ದರು. ಗೆಳತಿಗೆ ಅಥವಾ ಗೆಳೆಯನಿಗೆ ಕಾಗದ, ಇಂಗ್ಲಿಷಿನಲ್ಲಿ. ಗೈಡಿನಲ್ಲಿ ಮಾದರಿ ಇರುತ್ತದೆ: ನಾನಿಲ್ಲಿ ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ. ಇಡೀ ಕ್ಲಾಸು ಕ್ಷೇಮವಾಗಿತ್ತು. ಇವಳೊಬ್ಬಳು ಬೇರೆ ಬರೆದಳು. ಅದನ್ನು ಕನ್ನಡಕ್ಕೆ ತಂದರೆ ಇಷ್ಟೇ: "ನಾನಿಲ್ಲಿ ಕ್ಷೇಮವಾಗಿಲ್ಲ. ನಾನು ತುಂಬಾ ಸ್ಯಾಡ್. ಬೆಳಿಗ್ಗೆ ಏಳುವಾಗ ಸ್ಯಾಡ್. ಅಜ್ಜಿ ಮಲಗಿದ ಮೇಲೂ ಸ್ಯಾಡ್. ನೀನು ಬೇಗ ಕಾಗದ ಬರಿ."

ಮೇಷ್ಟ್ರು ಮೂರೂ ಕಡೆ ಕೆಂಪು ಸುತ್ತು ಹಾಕಿದರು. ಅಂಚಿನಲ್ಲಿ, ಒಂದೇ ಶಬ್ದ ಮೂರು ಸಲ, ಬೇರೆ ಶಬ್ದ ಹುಡುಕು ಅಂತ ಬರೆದರು. ಹತ್ತಕ್ಕೆ ಆರು ಕೊಟ್ಟರು. ಒಂದು ಸಂಜೆಯಲ್ಲಿ ನಲವತ್ತು ನೋಟ್ಸ್ ತಿದ್ದುವಾಗ ಕಣ್ಣು ಅಕ್ಷರವನ್ನು ನೋಡುತ್ತದೆ, ಕಾಗದವನ್ನು ಓದುವುದಿಲ್ಲ. ಮೇಷ್ಟ್ರಾದವರಿಗೆ ಇದು ಗೊತ್ತು.

ಶುಕ್ರವಾರ ಮಧ್ಯಾಹ್ನ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ನಾನು ಅಲ್ಲೇ ಇದ್ದೆ, ಕಿತ್ತಳೆ ಹಣ್ಣು ಬಿಡಿಸುತ್ತಿದ್ದೆ.

"ಸಾರ್, ಕಾಗದ ಮತ್ತೆ ಬರ್ದೀನಿ. ಆ ಶಬ್ದ ಮಾತ್ರ ಬಿಟ್ಟೀನಿ. ಬೇರೆ ಶಬ್ದ ಯಾವ್ದು ಸಾರ್?"

"ನಾನು ಹೇಳಿದ್ರೆ ನಿಂಗೇನು ಬಂತು? ಡಿಕ್ಷನರಿ ನೋಡು."

"ಇಸ್ಕೂಲಿಂದು ನೋಡಿದೆ ಸಾರ್. ಅದ್ರಲ್ಲಿ ಆ ಕಡೆ ಹಾಳೆ ಇಲ್ಲ, ಹರ್ದೋಗದೆ."

"ಹಾಗಾದ್ರೆ ದೊಡ್ಡದು ನೋಡು. ಸಾಗರದ ಲೈಬ್ರರೀಲಿ ತಲೆದಿಂಬಿನಷ್ಟು ದಪ್ಪದ್ದು ಇದೆ. ಹುಡುಕಿದ್ರೆ ಸಿಗುತ್ತೆ. ಸಿಕ್ಕಿದ ಮೇಲೆ ಬಂದು ಹೇಳು."

ಅವರು ತಮಾಷೆಗೆ ಹೇಳಿದ್ದು. ಒಂದು ಶಬ್ದಕ್ಕಾಗಿ ಯಾರಾದರೂ ಬಸ್ಸು ಹತ್ತುತ್ತಾರೆಯೆ? ಅವಳು ಆಯ್ತು ಸಾರ್ ಅಂದು ನೋಟ್ಸನ್ನು ಮೇಜಿನ ಮೇಲಿನ ರಾಶಿಗೆ ಸೇರಿಸಿ ಹೋದಳು. ನಾನು ಹಣ್ಣಿನಿಂದ ಕಣ್ಣು ಎತ್ತಲಿಲ್ಲ. ಆವತ್ತು ಎತ್ತಿದ್ದರೆ ಅವಳ ಮುಖ ಹೇಗಿತ್ತು ಅಂತಲಾದರೂ ಇವತ್ತು ಬರೆಯಬಹುದಿತ್ತು.

ಶನಿವಾರ ಅವಳು ಕ್ಲಾಸಿನಲ್ಲಿ ಇರಲಿಲ್ಲ. ಸೋಮವಾರವೂ ಇಲ್ಲ. ತೀರ್ಥಹಳ್ಳಿಯ ಹತ್ತಿರ ಅವಳ ಸೋದರತ್ತೆಯ ಮನೆ ಇತ್ತು. ಶನಿವಾರ ಶಾಲೆ ಬಿಟ್ಟ ಮೇಲೆ ಒಮ್ಮೊಮ್ಮೆ ಅಲ್ಲಿಗೆ ಹೋಗಿ ಎರಡು ದಿನ ಇದ್ದು ಬರುತ್ತಿದ್ದಳು. ಅಪ್ಪ ಹಾಗೇ ಅಂದುಕೊಂಡಿದ್ದರು. ಮಂಗಳವಾರ ಅವಳ ದೊಡ್ಡ ತಮ್ಮ ಮುದುಡಿದ ಅಂಗಿ ಹಾಕಿಕೊಂಡು ಬಂದಿದ್ದ. ಅದನ್ನು ನೋಡಿ ನಾನು ಕೇಳಿದೆ, "ಅಕ್ಕ ಎಲ್ಲೋ?"

"ಬರ್ಲಿಲ್ಲ ಟೀಚರ್ ಇನ್ನೂ."

ಅತ್ತೆಗೆ ಫೋನ್ ಮಾಡಿದೆ. ಆ ಕಡೆಯಿಂದ ಅವರು, "ಇಲ್ಲಿಗಾ? ಇಲ್ಲಿಗೆ ಬರ್ಲೇ ಇಲ್ವಲ್ಲ ಟೀಚರ್" ಅಂದರು.

ಮೇಷ್ಟ್ರು ಆಗ ರಾಶಿಯಿಂದ ಅವಳ ನೋಟ್ಸ್ ಎಳೆದರು. ಕಾಗದವನ್ನು ಮತ್ತೆ ಬರೆದಿದ್ದಳು, ಗುಂಡಗಿನ ಅಕ್ಷರದಲ್ಲಿ, ಒಂದೂ ಚಿತ್ತಿಲ್ಲದೆ. ಆ ಶಬ್ದ ಇದ್ದ ಮೂರು ಜಾಗದಲ್ಲಿ ಸ್ಕೇಲು ಇಟ್ಟು ಗೆರೆ ಎಳೆದಿದ್ದಳು, ಪ್ರಶ್ನೆಪತ್ರಿಕೆಯಲ್ಲಿ ಬಿಟ್ಟ ಸ್ಥಳ ತುಂಬಿರಿ ಅಂತ ಕೊಡುತ್ತೇವಲ್ಲ, ಹಾಗೆ. ಮೇಷ್ಟ್ರು ಅದನ್ನು ನಿಂತು ಓದಿದರು. ಕುರ್ಚಿ ಹಿಡಿದುಕೊಂಡು ಇನ್ನೊಂದು ಸಲ ಓದಿದರು. ಓದುವುದು ಅಂದರೆ ಓದುವುದು. ನಾನು ಹದಿನೇಳು ವರ್ಷದಲ್ಲಿ ಅವರು ಹಾಗೆ ಓದಿದ್ದನ್ನು ನೋಡಿದ್ದು ಆವತ್ತೇ.

"ಟೀಚರ್, ಸ್ಕೂಟರ್ ತೆಗೀತೀನಿ. ನೀವೂ ಬನ್ನಿ. ಹೆಣ್ಣುಮಗು, ಜೊತೆಗೆ ಹೆಂಗಸರೊಬ್ಬರು ಇರಬೇಕು."

ಅವಳ ಅಪ್ಪ ಮತ್ತು ನೆಂಟರು ತೀರ್ಥಹಳ್ಳಿಯ ಕಡೆಗೆ, ತುಂಗೆಯ ದಂಡೆ ಹಿಡಿದು ಹೋದರು. ಹೆಡ್‌ಮಾಸ್ಟರು ಪೊಲೀಸ್ ಸ್ಟೇಷನ್ನಿಗೆ ಫೋಟೋ ಕೊಡಲು ಹೋದರು. ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕಂಡಕ್ಟರು ನಮಗೆ ಹೇಳಿದ: "ಯೂನಿಫಾರ್ಮು ಹುಡ್ಗಿ ಅಲ್ವಾ? ಶನಿವಾರ ಸಾಗರಕ್ಕೆ ಬಂತು. ಇಳಿಯೋವಾಗ ಲೈಬ್ರರಿ ಎಲ್ಲದೆ ಅಂತ ಕೇಳ್ತು."

ಮೇಷ್ಟ್ರು ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡೇ ಕಣ್ಣು ಮುಚ್ಚಿದರು. ಆಮೇಲೆ ಸಾಗರದ ದಾರಿಗೆ ಸ್ಕೂಟರ್ ತಿರುಗಿಸಿದರು.

ಲೈಬ್ರರಿಯಲ್ಲಿ ಪುಸ್ತಕ ಕೊಡುವವರಿಗೆ ಅವಳ ನೆನಪು ಚೆನ್ನಾಗಿತ್ತು. "ಬಂತು ಸಾರ್. ದೊಡ್ಡ ಡಿಕ್ಷನರಿ ಬೇಕು ಅಂತು. ಎತ್ತೋಕೆ ಆಗ್ಲಿಲ್ಲ, ನಾನೇ ತಂದುಕೊಟ್ಟೆ. ಸಂಜೆ ಬಾಗಿಲು ಹಾಕೋ ತನ್ಕ ಅದೇ ಒಂದು ಹಾಳೆ ಮುಂದೆ ಕೂತಿತ್ತು. ಊಟಕ್ಕೂ ಏಳ್ಲಿಲ್ಲ. ಹೋಗೋವಾಗ ಪಾಪ, ಇದ್ರಲ್ಲೂ ಸಿಗ್ಲಿಲ್ಲ ಅಣ್ಣ ಅಂತು."

"ಯಾವ ಹಾಳೆ?"

ಆ ಪುಟದಲ್ಲಿ ಒಂದು ಬಸ್ ಟಿಕೆಟ್ಟು ಇತ್ತು, ಗುರುತಿಗೆ ಇಟ್ಟದ್ದು. ಹೊಸನಗರದಿಂದ ಸಾಗರಕ್ಕೆ. ಮೇಷ್ಟ್ರು ಕೂತರು. ಸಾವಿರ ಸಲ ಸುತ್ತು ಹಾಕಿದ ಮೂರಕ್ಷರದ ಶಬ್ದವನ್ನು ಜನ್ಮದಲ್ಲಿ ಮೊದಲ ಸಲ ಡಿಕ್ಷನರಿಯಲ್ಲಿ ನೋಡಿದರು. ಬೆರಳಿಟ್ಟು, ಮಕ್ಕಳು ಓದುವ ಹಾಗೆ, ಒಂದೊಂದು ಸಾಲನ್ನೂ ನನಗೆ ಕನ್ನಡದಲ್ಲಿ ಹೇಳಿದರು.

ಆ ಶಬ್ದಕ್ಕೆ ಮೊದಲು ದುಃಖ ಅಂತ ಅರ್ಥವೇ ಇರಲಿಲ್ಲವಂತೆ. ಹಳೆಯ ಇಂಗ್ಲಿಷಿನಲ್ಲಿ ಅದು ತುಂಬಿದ, ತಣಿದ, ಇನ್ನು ಹಿಡಿಸದ ಎಂದು. ಉಂಡು ಸಾಕಾಗಿ ಎಲೆಯ ಮೇಲೆ ಕೈ ಅಡ್ಡ ಇಟ್ಟವನು ಯಾರೋ ಅವನು ಸ್ಯಾಡ್. ಜರ್ಮನ್ ಭಾಷೆಯಲ್ಲಿ ಅದರ ದಾಯಾದಿ ಶಬ್ದವೊಂದಿದೆ, ಇವತ್ತಿಗೂ ಅದಕ್ಕೆ ಹೊಟ್ಟೆ ತುಂಬಿದೆ ಅಂತಲೇ ಅರ್ಥ. ಲ್ಯಾಟಿನ್ ಕಡೆಯ ನೆಂಟ ಶಬ್ದದಿಂದ ತೃಪ್ತಿಯ ಶಬ್ದಗಳು ಹುಟ್ಟಿವೆ. ಇದು ಮಾತ್ರ ಬೇರೆ ದಾರಿ ಹಿಡಿಯಿತು. ತುಂಬಿದ್ದು ಭಾರವಾಯಿತು. ಭಾರವಾದದ್ದು ಅಲುಗದಾಯಿತು. ಒಳಗೆ ಟೊಳ್ಳಿಲ್ಲದ ಇಡೀ ಕಬ್ಬಿಣದ ಇಸ್ತ್ರಿ ಪೆಟ್ಟಿಗೆಗೆ ಆ ಹೆಸರು, ಉಬ್ಬದೆ ಕಲ್ಲಾಗಿ ಕೂತ ಹಿಟ್ಟಿಗೆ ಆ ಹೆಸರು. ಎಲ್ಲ ಆದ ಮೇಲೆ, ಕಡೆಗೆ, ಮನಸ್ಸಿಗೆ.

ಮೇಷ್ಟ್ರ ಬೆರಳು ನಿಂತಿತು. "ಕನ್ನಡದಲ್ಲಿ ಇದಕ್ಕೆ ಏನಂತೀರಿ ಟೀಚರ್?"

ನನಗೆ ಹೊಳೆದದ್ದು ಪಂಡಿತರ ಶಬ್ದವಲ್ಲ. ನಮ್ಮಜ್ಜಿ ಸಂಜೆ ಎಲ್ಲ ಕೆಲಸ ಮುಗಿಸಿ ಒಲೆಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಒಂದು ಮಾತು ಹೇಳುತ್ತಿದ್ದಳು. ಅದು ಅಳುವಲ್ಲ, ದೂರಲ್ಲ, ಯಾರಿಗೂ ಹೇಳಿದ್ದೂ ಅಲ್ಲ. "ಸಾಕಾಗ್ ಹೋತು ಅಂತೀವಿ ಮೇಷ್ಟ್ರೆ" ಅಂದೆ. "ಇನ್ನೊಂದು ಚಮಚವೂ ಹಿಡಿಸಲ್ಲ ಅನ್ನೋ ಹೊತ್ತಿಗೆ."

ಅವರು ಆ ಟಿಕೆಟ್ಟನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡರು. "ಮಗು ಸರಿಯಾಗೇ ಬರ್ದಿತ್ತು. ಇಂಗ್ಲಿಷಿನಲ್ಲಿ ಅವಳ ಸ್ಥಿತಿಗೆ ಇದಕ್ಕಿಂತ ಸರಿಯಾದ ಶಬ್ದ ಇಲ್ಲ. ನಾನು ಅದನ್ನ ಕಿತ್ಕೊಂಡು ಬೇರೆ ಹುಡುಕು ಅಂತ ಕಳಿಸ್ದೆ. ಇಡೀ ದಿನ ಇದೇ ಹಾಳೆ ಮುಂದೆ ಕೂತಿದ್ಲು ಟೀಚರ್. ಇಲ್ಲೇ ಬರ್ದಿದೆ, ಅವಳು ಸರಿ ಅಂತ. ಇಷ್ಟು ಸಣ್ಣ ಅಕ್ಷರ ಓದೋಕೆ ನಾನು ಕಲಿಸಿರ್ಲಿಲ್ಲ."

ಲೈಬ್ರರಿಯವರು ಇನ್ನೂ ಒಂದು ಹೇಳಿದರು. ಗೇಟಿನ ಹತ್ತಿರ ನಿಂತು ಅವಳು ಎರಡು ಊರಿನ ದಾರಿ ಕೇಳಿದ್ದಳು, ವರದಮೂಲ ಮತ್ತು ತಾಳಗುಪ್ಪ. ವರದಮೂಲಕ್ಕೆ ಅಮ್ಮನ ಜೊತೆ ಸಣ್ಣವಳಿದ್ದಾಗ ಹೋಗಿದ್ದಳು ಅಂತ ನಮಗೆ ಆಮೇಲೆ ತಿಳಿಯಿತು. ನಾವು ಮೊದಲು ಅಲ್ಲಿಗೆ ಹೋದೆವು. ದೇವಸ್ಥಾನದ ಕೊಳದ ಮೆಟ್ಟಿಲ ಮೇಲೆ ಮೇಷ್ಟ್ರು ನನ್ನ ಕಡೆ ತಿರುಗಿ ನಿಂತು, ನೀರಿಗೆ ಬೆನ್ನು ಹಾಕಿ ಹೇಳಿದರು, "ನೀವು ನೋಡಿ ಟೀಚರ್. ನಂಗೆ ಆಗಲ್ಲ." ನಾನು ನೋಡಿದೆ. ನೀರು ಸುಮ್ಮನೆ ಇತ್ತು. ಅಲ್ಲಿ ಯಾರೂ ಅವಳನ್ನು ಕಂಡಿರಲಿಲ್ಲ.

ತಾಳಗುಪ್ಪದಲ್ಲಿ ಕಂಡಿದ್ದರು. ರೈಲು ಸ್ಟೇಷನ್ನಿನ ಹೊರಗೆ ಟೀ ಮಾರುವ ಹೆಂಗಸು ಅವಳಿಗೆ ಒಂದು ಬನ್ನು ಕೊಟ್ಟಿದ್ದಳು. "ಯಾರು ಬರ್ತಾರೆ ಮಗಾ ಅಂದೆ. ಯಾರೂ ಇಲ್ಲ, ಸುಮ್ನೆ ಕೂತೀನಿ ಅಂತು. ಅಳ್ತಿರ್ಲಿಲ್ಲಕ್ಕ. ಅತ್ತಿದ್ರೆ ನಾನು ಬಿಡ್ತಿರ್ಲಿಲ್ಲ. ರೈಲು ಹೋದ್ಮೇಲೆ ನೋಡ್ತೀನಿ, ಬೆಂಚು ಖಾಲಿ." ರೈಲು ಹತ್ತಿದ್ದನ್ನು ಕಂಡವರಿಲ್ಲ. ಹತ್ತಿರಬೇಕು. ಬೆಂಗಳೂರಿನವರೆಗೆ ಎಷ್ಟು ಸ್ಟೇಷನ್ನು, ಯಾವುದರಲ್ಲಿ ಬೇಕಾದರೂ ಇಳಿದಿರಬಹುದು. ಪೊಲೀಸರು ಹುಡುಕಿದರು, ನಾವು ಹುಡುಕಿದೆವು, ಅವಳ ಫೋಟೋ ಎಷ್ಟೋ ಗೋಡೆಯ ಮೇಲೆ ಬಿಸಿಲಿಗೆ ಬಿಳಿಚಿ ಹೋಯಿತು. ಸಿಗಲಿಲ್ಲ.

ಮುಂದಿನ ವಾರ ಅವಳ ಅಪ್ಪ ಶಾಲೆಗೆ ಬಂದರು. ಮೇಷ್ಟ್ರು ಆ ಕಾಗದದ ವಿಷಯ ಅಡಗಿಸಬಹುದಿತ್ತು. ಹೆಡ್‌ಮಾಸ್ಟರೂ ಮೆಲ್ಲಗೆ ಅದನ್ನೇ ಹೇಳಿದ್ದರು. ಇವರು ನೋಟ್ಸನ್ನು ತೆಗೆದು ಆ ಮನುಷ್ಯನ ಮುಂದಿಟ್ಟು, "ಇದನ್ನ ನಾನು ತಿದ್ದಿ ವಾಪಸ್ ಕೊಟ್ಟೆ. ಓದಲಿಲ್ಲ" ಅಂದರು.

ಅವರು ಹಾಳೆಯನ್ನು ಮುಟ್ಟಲಿಲ್ಲ. ಕೈ ಪಂಚೆಗೆ ಒರೆಸಿಕೊಂಡರು. "ಇಂಗ್ಲೀಸು. ನಂಗೆ ಬರಲ್ಲ ಸಾ. ಎಂತ ಬರ್ದಾಳೆ?"

ಮೇಷ್ಟ್ರು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದರು. ನನಗೆ ಸಾಕಾಗಿದೆ. ಬೆಳಿಗ್ಗೆ ಏಳುವಾಗ ಸಾಕಾಗಿದೆ. ಅಜ್ಜಿ ಮಲಗಿದ ಮೇಲೂ ಸಾಕಾಗಿದೆ.

"ನಂಗೆ ಗೊತ್ತಾಗ್ಬಾರ್ದು ಅಂತ ಇಂಗ್ಲೀಸಲ್ಲಿ ಬರ್ದಾಳೆ" ಅಂದರು ಅಪ್ಪ. ಆಮೇಲೆ, "ನಿಮ್ಗೊಬ್ರಿಗೆ ಬರ್ದಿದ್ದು ಸಾ ಇದು."

ಬೈಯಲಿಲ್ಲ. ಬೈದಿದ್ದರೆ ಮೇಷ್ಟ್ರು ಇನ್ನಷ್ಟು ವರ್ಷ ಬದುಕುತ್ತಿದ್ದರು ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಬಾಗಿಲವರೆಗೆ ಹೋದ ಅಪ್ಪ ತಿರುಗಿ, "ಕಾಗ್ದ ಹಾಕಿದ್ರೆ ಇಸ್ಕೂಲಿಗೇ ಹಾಕ್ತಾಳೆ ಸಾ ಅವ್ಳು. ನೋಡಿರಿ" ಅಂದರು. ಆವತ್ತಿನಿಂದ ಪ್ರತಿ ತಿಂಗಳು ಒಂದು ಸಲ ಸಂತೆಯ ದಿನ ಶಾಲೆಯ ಗೇಟಿನ ಹತ್ತಿರ ಬಂದು ನಿಲ್ಲುತ್ತಾರೆ. "ಏನಾರು ಬಂತಾ ಸಾ?" ಅಷ್ಟೇ ಮಾತು.

ಆ ಮಾತನ್ನು ಮೇಷ್ಟ್ರು ಆಜ್ಞೆಯ ಹಾಗೆ ಹಿಡಿದರು. ತೀರ್ಥಹಳ್ಳಿಯಲ್ಲಿ ಅವರದೇ ಮನೆ ಇತ್ತು, ಅಲ್ಲಿಗೆ ವರ್ಗವೂ ಬಂತು. ಬೇಡ ಅಂತ ಬರೆದುಕೊಟ್ಟರು. ರಿಟೈರ್ ಆದ ಮೇಲೂ ಶಾಲೆಯ ಎದುರಿನ ಬಾಡಿಗೆ ಮನೆ ಬಿಡಲಿಲ್ಲ. ಅಂಚೆಯವ ಬರುವ ಹೊತ್ತಿಗೆ ಗೇಟಿನಲ್ಲಿ ಇರುತ್ತಿದ್ದರು. ಅಂಚೆಯವ ದೂರದಿಂದಲೇ ತಲೆ ಅಲ್ಲಾಡಿಸಿಬಿಡುತ್ತಿದ್ದ, ಹತ್ತಿರ ಬಂದು ಇಲ್ಲ ಅನ್ನುವುದು ಅವನಿಗೂ ಕಷ್ಟವಾಗಿ. ಹೆಂಡತಿ ಒಂದು ದಿನ ನನ್ನ ಹತ್ತಿರ ಹೇಳಿದರು, "ಉಂಬಲೂ ಬತ್ತಿಲ್ಲೆ, ಮಲಗಲೂ ಇಲ್ಲೆ. ಆ ಗೇಟು ಕಾಯೂದೇ ಆತು. ಎಂತ ಹೇಳಿ ಸಮಾ ಮಾಡ್ಲಿ ನಾ?"

ಕೆಂಪು ಪೆನ್ನು ಕಿವಿಯಿಂದ ಇಳಿಯಿತು. ಗೋಡೆಯ ಹಾಳೆಯನ್ನು ಸ್ಟೂಲು ಹತ್ತಿ ತಾವೇ ಕಿತ್ತರು. ಉಳಿದ ಸೇವೆಯಷ್ಟೂ ಪೆನ್ಸಿಲಿನಲ್ಲಿ ತಿದ್ದಿದರು. ತಿದ್ದುವ ಮುಂಚೆ ನೋಟ್ಸನ್ನು ಮುಚ್ಚಿ ಆ ಮಗುವನ್ನು ಕರೆದು, "ಇದು ನಿಜವೋ, ಪಾಠಕ್ಕೆ ಬರ್ದಿದ್ದೋ?" ಅಂತ ಕೇಳುತ್ತಿದ್ದರು. ಮಕ್ಕಳು ಹೆದರಿ ಪಾಠಕ್ಕೆ ಸಾರ್ ಅನ್ನುತ್ತಿದ್ದರು. ಆದರೂ ಬಿಡದೆ ಅವರ ಮನೆಯವರೆಗೆ ಹೋಗಿ ನೋಡಿ ಬರುತ್ತಿದ್ದರು. ಹಾಗೆ ಹೋದದ್ದರಿಂದ ಒಂದೆರಡು ಮಕ್ಕಳಿಗೆ ಒಳ್ಳೆಯದಾಯಿತು, ಅದನ್ನು ಹೇಳಿದರೆ ಅವರಿಗೆ ಸಮಾಧಾನವಾಗುತ್ತದೆ ಅಂತ ನಾನು ಹೇಳಿದೆ. "ಅವರ ಲೆಕ್ಕ ಬೇರೆ ಟೀಚರ್" ಅಂದರು. "ಇದರಿಂದ ಅದು ತೀರಲ್ಲ."

ತಿಂಗಳಿಗೊಮ್ಮೆ ತಾಳಗುಪ್ಪದಿಂದ ರೈಲು ಹತ್ತಿ ಬೆಂಗಳೂರಿನವರೆಗೂ ಹೋಗಿ ಬರುತ್ತಿದ್ದರು. ಒಂದೊಂದು ಸಲ ಒಂದೊಂದು ಸ್ಟೇಷನ್ನಿನಲ್ಲಿ ಇಳಿದು, ಊರೊಳಗೆ ನಡೆದು, ಹಾಸ್ಟೆಲ್ಲು, ಗಾರ್ಮೆಂಟ್ಸು, ಆಶ್ರಮ, ಆಸ್ಪತ್ರೆ ಕೇಳುತ್ತಿದ್ದರು. ವಯಸ್ಸು ಏರುತ್ತಾ ಅವಳ ಮುಖ ಹೇಗಾಗಿರಬಹುದು ಅಂತ ಅವರಿಗೆ ಗೊತ್ತಾಗದಾಯಿತು. ಫೋಟೋ ಹದಿನಾಲ್ಕರ ಹುಡುಗಿಯದು. "ನಂಗೆ ಅವಳ ಗುರುತು ಸಿಗಲ್ಲ ಇನ್ನು. ಅವಳಿಗೆ ನನ್ನ ಗುರುತು ಸಿಗಬೇಕು" ಅಂತ ಆ ಪ್ರಯಾಣಗಳಲ್ಲಿ ಮಾತ್ರ ಕೆಂಪು ಪೆನ್ನನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದರು. ರೈಲಿನಲ್ಲಿ ಜನ ನಗುತ್ತಿದ್ದರಂತೆ.

ಹೋದ ತಿಂಗಳು ಆಸ್ಪತ್ರೆಗೆ ನೋಡಲು ಹೋದಾಗ ಮೈಯಲ್ಲಿ ಏನೂ ಉಳಿದಿರಲಿಲ್ಲ. ದಿಂಬಿನ ಕೆಳಗಿನಿಂದ ಆ ನೋಟ್ಸನ್ನು ತೆಗೆಸಿ ನನ್ನ ಕೈಗೆ ಕೊಟ್ಟರು.

"ನೀವು ಪತ್ರಿಕೆಗೆ ಬರೀತೀರಲ್ಲ ಟೀಚರ್. ನಾನು ಹೋದ್ಮೇಲೆ ಇದೊಂದು ಬರೀರಿ."

"ಏನಂತ ಬರೀಲಿ ಮೇಷ್ಟ್ರೆ?"

"ನಾನು ಒಳ್ಳೇವ್ನು ಅಂತ ಬರೀಬೇಡಿ. ಸೋಮಾರಿ ಶಬ್ದ ಅದು." ನಗಲು ನೋಡಿದರು. ಕಿವಿ ಅಲುಗಿತು, ಅಷ್ಟೇ. "ಅವಳು ಬರ್ದಿದ್ದು ಸರಿ ಇತ್ತು ಅಂತ ಬರೀರಿ. ಎಲ್ಲೋ ಒಂದ್ಕಡೆ ಬಸ್ ಸ್ಟ್ಯಾಂಡಲ್ಲಿ, ಕಡ್ಲೆಕಾಯಿ ಪೊಟ್ಟಣದಲ್ಲಿ ಆದ್ರೂ ಅವಳ ಕಣ್ಣಿಗೆ ಬೀಳುತ್ತೆ."

"ಬೀಳುತ್ತೆ" ಅಂದೆ. ನನಗೆ ನಂಬಿಕೆ ಇರಲಿಲ್ಲ. ಅವರಿಗೂ ಇರಲಿಲ್ಲ ಅಂತ ಅವರ ಕೈ ಹೇಳಿತು. ಅದು ನನ್ನ ಕೈಯನ್ನು ಬಿಡುತ್ತಿರಲಿಲ್ಲ.

ನೋಟ್ಸ್ ಈಗ ನನ್ನ ಮೇಜಿನ ಮೇಲಿದೆ. ಮೊದಲ ಕಾಗದದ ಮೂರು ಸುತ್ತುಗಳನ್ನು ಅವರು ಬ್ಲೇಡಿನಿಂದ ಕೆರೆದು ಅಳಿಸಲು ನೋಡಿದ್ದಾರೆ. ಕೆಂಪು ಹೋಗಿಲ್ಲ, ಹಾಳೆ ತೆಳ್ಳಗಾಗಿದೆ, ಬೆಳಕಿಗೆ ಹಿಡಿದರೆ ಆ ಮೂರು ಜಾಗ ಕಣ್ಣಿನ ಹಾಗೆ ಕಾಣುತ್ತದೆ. ಆರನ್ನು ಹೊಡೆದು ಪೆನ್ಸಿಲಿನಲ್ಲಿ ಹತ್ತಕ್ಕೆ ಹತ್ತು ಅಂತ ಬರೆದಿದ್ದಾರೆ. ಎರಡನೇ ಕಾಗದದ ಮೂರು ಗೆರೆಗಳ ಮೇಲೆ ಏನೂ ಬರೆದಿಲ್ಲ. ಸಾಗರದ ಟಿಕೆಟ್ಟು ಅಲ್ಲೇ ಇದೆ.

ಮೊನ್ನೆ ಸಂತೆಯ ದಿನ ನಿನ್ನ ಅಪ್ಪ ಬಂದಿದ್ದರು ಮಗಾ. ಗೇಟಿನಲ್ಲಿ ಮೇಷ್ಟ್ರು ಇಲ್ಲದ್ದನ್ನು ನೋಡಿ, ಅವರಿಗೆ ವಿಷಯ ಗೊತ್ತಿತ್ತು, ಆದರೂ ಸ್ವಲ್ಪ ಹೊತ್ತು ನಿಂತರು. ಆಮೇಲೆ ನನ್ನ ಹತ್ತಿರ ಬಂದು ಕೇಳಿದರು, "ಏನಾರು ಬಂತಾ ಟೀಚರ್?" ಅಜ್ಜಿ ಹೋಗಿ ಆರು ವರ್ಷವಾಯಿತು. ತಮ್ಮಂದಿರು ತಮ್ಮ ಅಂಗಿ ತಾವೇ ಇಸ್ತ್ರಿ ಮಾಡಿಕೊಳ್ಳುತ್ತಾರೆ. ಮನೆಯಲ್ಲಿ ನಿನಗೆ ಮಾಡಲು ಇನ್ನು ಯಾವ ಕೆಲಸವೂ ಉಳಿದಿಲ್ಲ.

ಬೇಗ ಕಾಗದ ಬರಿ ಅಂತ ನೀನು ಕೇಳಿದ್ದೆ. ಹನ್ನೆರಡು ವರ್ಷ ತಡವಾಯಿತು. ಇದು ಆ ಕಾಗದ. ನೀನು ಬರೆದ ಶಬ್ದ ಸರಿ ಇತ್ತು. ಮೂರು ಸಲವೂ ಸರಿ ಇತ್ತು. ಶಾಲೆಯ ವಿಳಾಸ ಬದಲಾಗಿಲ್ಲ. ಇದ್ದೀಯ ಅಂತ ಒಂದು ಸಾಲು ಹಾಕು, ಯಾವ ಭಾಷೆಯಲ್ಲಾದರೂ. ಏನು ಬರೆದರೂ ಯಾರೂ ತಿದ್ದುವುದಿಲ್ಲ.